ಅರ್ಧ ಸತ್ಯ ಹೇಳಿದ ಸೆರಾಫ್‌ಗೆ ಶಿಕ್ಷೆ ಕೊಟ್ಟೆ. ನಂದು ತಪ್ಪಾ?

ಹಲಸಿನಹಪ್ಪಳ
ಶಿರಸಿಯಿಂದ ನಮಸ್ಕಾರ. ಒಂದು ಪಂಚಾಯ್ತಿ ಇದೆ. ತೀರ್ಪು ಹೇಳಿ.

ನಾವು ಐದು ಜನ ಈ ಮಳೆಗಾಲ ಪೂರ್ತಿ ಶನಿವಾರ ರಾತ್ರಿ ಸೇರಿ ‘ಇನ್ ನೋಮಿನೆ’ ಆಡುತ್ತಿದ್ದೇವೆ. ಗೊತ್ತಿಲ್ಲದವರಿಗೆ: ದೇವದೂತರು ಮತ್ತು ಡೀಮನ್‌ಗಳು ಮನುಷ್ಯರ ಮೈ ಹೊತ್ತು ಭೂಮಿಯ ಮೇಲೆ ಗುಟ್ಟಾಗಿ ಕಾದಾಡುವ ಆಟ ಇದು. ಸ್ಟೀವ್ ಜಾಕ್ಸನ್ ಗೇಮ್ಸ್‌ನವರು 1997ರಲ್ಲಿ ತಂದದ್ದು. ಬೋರ್ಡ್ ಇಲ್ಲ, ಕಾಯಿ ಇಲ್ಲ. ಮೂರು ದಾಳ, ಒಂದು ಪೆನ್ಸಿಲ್, ಉಳಿದದ್ದೆಲ್ಲ ಬಾಯಿ. ಒಬ್ಬೊಬ್ಬರದು ಒಂದೊಂದು ಪಾತ್ರ. ನಾನು ಜಿಎಂ, ಅಂದರೆ ಕಥೆ ನಡೆಸುವವನು.

ನಮ್ಮ ಕಥೆ ನಡೆಯುವುದು ಕಾರವಾರದಲ್ಲಿ. ನನ್ನ ಚಿಕ್ಕಪ್ಪನ ಮಗಳದು ಸೆರಾಫ್ ಪಾತ್ರ. ಸತ್ಯದ ದೂತ. ಎದುರಿನವ ಹೇಳುವುದು ನಿಜವೋ ಸುಳ್ಳೋ ಅಂತ ಸೆರಾಫ್ ಕಂಡುಹಿಡಿಯಬಹುದು. ಆದರೆ ತಾನು ಸುಳ್ಳು ಹೇಳಿದರೆ ಡಿಸೊನೆನ್ಸ್ ಬರುತ್ತದೆ. ಅಪಸ್ವರ ಅನ್ನಿ. ಅದು ಜಾಸ್ತಿ ಆದರೆ ದೂತ ಬಿದ್ದು ಡೀಮನ್ ಆಗಿಬಿಡಬಹುದು.

ಹೋದ ವಾರ ಒಬ್ಬ ಹುಡುಗ ಡೀಮನ್‌ಗಳ ಕೈಯಿಂದ ತಪ್ಪಿಸಿಕೊಂಡು ಬಸ್ ಸ್ಟ್ಯಾಂಡಿನಿಂದ ಬೈತಖೋಲದ ಕಡೆ ಓಡಿದ. ಹಿಂದೆಯೇ ಕ್ಯಾಲಬೈಟ್ ಬಂದ. ಮುಟ್ಟಿದ್ದೆಲ್ಲ ಹಾಳು ಮಾಡುವ ಜಾತಿಯ ಡೀಮನ್. “ಹುಡುಗ ಈ ಕಡೆ ಹೋದನಾ?” ಅಂತ ಕೇಳಿದ. ಇವಳು ಮೆಲ್ಲಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು, “ನಾನು ಈ ಜಾಗದಲ್ಲಿ ನಿಂತ ಮೇಲೆ ಯಾವ ಹುಡುಗನೂ ಹೋಗಿಲ್ಲ” ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂದು ಡಿಸೊನೆನ್ಸ್ ಬರೆದುಕೊಳ್ಳಲು ಹೇಳಿದೆ. ಅಲ್ಲಿಂದ ಮಾತು ಬಿಟ್ಟಿದ್ದಾಳೆ. ರಾತ್ರಿ ಎಲ್ಲರಿಗೂ ಕಷಾಯ ಬಂತು, ನನಗೆ ಬರಲಿಲ್ಲ.

ಬಾಂಗಡೆಪ್ರಿಯ
ಕಷಾಯ ಕೊಡದೇ ಇದ್ದದ್ದು ಸರಿಯಾಗಿದೆ.

ಮೂರುದಾಳ
ನಿಮ್ಮದೇ ತಪ್ಪು. ಅವಳ ಮಾತಿನಲ್ಲಿ ಯಾವ ಶಬ್ದ ಸುಳ್ಳು ಹೇಳಿ ನೋಡೋಣ? ಜಾಗ ನಿಜ, ನಿಂತದ್ದು ನಿಜ, ಆಮೇಲೆ ಹುಡುಗ ಹೋಗದಿದ್ದದ್ದೂ ನಿಜ. ಸುಳ್ಳಿಗೆ ಶಿಕ್ಷೆ ಇದೆ. ಜಾಣತನಕ್ಕೆ ಎಲ್ಲಿದೆ?

ಉಳಿದ ದೂತರನ್ನು ನೋಡಿ. ಆಫನೈಟ್‌ಗೆ ಓಡಾಟವೇ ಪ್ರಾಣ. ಯಾರಾದರೂ ಕಟ್ಟಿಹಾಕಿದರೆ ಡಿಸೊನೆನ್ಸ್. ಮರ್ಕ್ಯೂರಿಯನ್ ಮನುಷ್ಯರ ಮೇಲೆ ಕೈ ಮಾಡಿದರೆ ಡಿಸೊನೆನ್ಸ್. ಕೈರಿಯೊಟೇಟ್ ಬೇರೆಯವರ ಮೈಯಲ್ಲಿ ಹೊಕ್ಕು, ಹೊರಡುವಾಗ ಆ ಮೈಯನ್ನು ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಬಿಟ್ಟರೆ ಡಿಸೊನೆನ್ಸ್. ಎಲ್ಲವೂ ಕಣ್ಣಿಗೆ ಕಾಣುವ ಕೆಲಸ. ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ.

ದೀಪಸ್ತಂಭ
ಎಲೋಹೈಟ್‌ನ ಮರೆತಿರಾ? ಅವನು ತನ್ನ ಭಾವನೆಗೆ ಸಿಕ್ಕಿ ಕೆಲಸ ಮಾಡಿದರೆ ಡಿಸೊನೆನ್ಸ್. ಅದೇ ಕೆಲಸವನ್ನು ತಣ್ಣಗೆ ಯೋಚಿಸಿ ಮಾಡಿದರೆ ಇಲ್ಲ. ಅಲ್ಲಿ ನೋಡುವುದು ಮನಸ್ಸನ್ನೇ ಅಲ್ವಾ?

ಮೂರುದಾಳ
ಹ್ಮ್. ಅದೊಂದು ಸರಿ.

ಅಪ್ಪೆಮಿಡಿ
ನಾನು ಸಿದ್ದಾಪುರದವ. ಈ ಆಟ ಆಡಿಲ್ಲ. ಮಗ ಆಡುತ್ತಾನೆ, ಪಕ್ಕದಲ್ಲಿ ಕೂತು ಅಡಿಕೆ ಸುಲಿಯುತ್ತಾ ಕೇಳುತ್ತೇನೆ. ಆದರೆ ಈ ಪ್ರಶ್ನೆಯನ್ನು ತಾಳಮದ್ದಳೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಧರ್ಮರಾಯ “ಅಶ್ವತ್ಥಾಮ ಸತ್ತ” ಅಂತ ದೊಡ್ಡದಾಗಿ ಹೇಳಿ, “ಆನೆ” ಅನ್ನುವುದನ್ನು ಮೆಲ್ಲಗೆ ಹೇಳಿದ. ಅಲ್ಲೂ ಶಬ್ದ ಎಲ್ಲ ನಿಜವೇ. ಸತ್ತದ್ದು ಆನೆ, ಆನೆಯ ಹೆಸರು ಅಶ್ವತ್ಥಾಮ. ಆದರೂ ಅಲ್ಲಿವರೆಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಕೆಳಗೆ ಇಳಿಯಿತು. ಅದು ನಿಮ್ಮ ಡಿಸೊನೆನ್ಸ್ ಅಲ್ಲದೆ ಮತ್ತೆಂತದು? ರಥ ಇಳಿಸಿದವರು ಶಬ್ದ ನೋಡಲಿಲ್ಲ. ದ್ರೋಣ ಏನು ನಂಬಿದ ಅಂತ ನೋಡಿದರು.

ಜಿಎಂ ಮಾಡಿದ್ದು ಸರಿ.

ಹಲಸಿನಹಪ್ಪಳ
ಅಪ್ಪೆಮಿಡಿಯವರೇ, ಇದನ್ನು ಪ್ರಿಂಟ್ ತೆಗೆದು ಅಡುಗೆಮನೆ ಬಾಗಿಲಿಗೆ ಅಂಟಿಸುತ್ತೇನೆ.

ಕಾಳೀತೀರ
ಮೊದಲು ಒಂದು ತಿದ್ದುಪಡಿ. ಕಾರವಾರ ಬಸ್ ಸ್ಟ್ಯಾಂಡಿನಿಂದ ಬೈತಖೋಲ ಒಂದೇ ಉಸಿರಿಗೆ ಓಡುವಷ್ಟು ಹತ್ತಿರ ಇಲ್ಲ ಮಾರಾಯ್ರೆ. ಹುಡುಗನನ್ನು ಆಟೋ ಹತ್ತಿಸಿ. ಕಥೆ ಯಾವ ತಿಂಗಳು ನಡೆಯುವುದು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟೆಲ್ಲ ಬಂದರಿನಲ್ಲೇ ಕಟ್ಟಿರುತ್ತಾರೆ. ಅಡಗಲು ಒಳ್ಳೆಯ ಜಾಗ.

ಇನ್ನು ಸತ್ಯದ ವಿಷಯ. ಧರ್ಮರಾಯನನ್ನು ತಂದಿರಿ, ಕೌಶಿಕನನ್ನು ಯಾಕೆ ಬಿಟ್ಟಿರಿ? ಅದೇ ಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕಥೆ. ಕೌಶಿಕ ಯಾವಾಗಲೂ ಸತ್ಯ ಹೇಳುತ್ತೇನೆ ಅಂತ ವ್ರತ ಹಿಡಿದ ತಪಸ್ವಿ. ಕಳ್ಳರಿಗೆ ಹೆದರಿದ ಜನ ಅವನ ಎದುರೇ ಕಾಡಿನಲ್ಲಿ ಅಡಗಿದರು. ಕಳ್ಳರು ಬಂದು ಕೇಳಿದರು. ಅವನು ತೋರಿಸಿದ. ಎಲ್ಲರನ್ನೂ ಕೊಂದರು. ಸತ್ಯ ಹೇಳಿದ ಕೌಶಿಕ ಹೋಗಿದ್ದು ನರಕಕ್ಕೆ!

ಹುಡುಗಿ ಬಾಯಿ ಬಿಟ್ಟು “ಹೌದು, ಬೈತಖೋಲಕ್ಕೆ ಹೋದ” ಅಂದಿದ್ದರೆ ನಿಮ್ಮ ಲೆಕ್ಕದಲ್ಲಿ ಡಿಸೊನೆನ್ಸ್ ಸೊನ್ನೆ. ಇದು ನ್ಯಾಯವಾ?

ಅಪ್ಪೆಮಿಡಿ
ಸುಮ್ನೆ ಇರಬಹುದಿತ್ತಲ್ಲ ತಮಾ. ಸೆರಾಫ್‌ಗೆ ಬಾಯಿ ಮುಚ್ಚಿಕೊಳ್ಳಬಾರದು ಅಂತ ನಿಯಮ ಇದೆಯಾ?

ಮೂರುದಾಳ
ಇಲ್ಲ. ಸುಳ್ಳು ಹೇಳಬಾರದು ಅಂದರೆ ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು ಅಂತ ಅರ್ಥವಲ್ಲ.

ಕಾಳೀತೀರ
ಸುಮ್ಮನಿದ್ದರೆ ಕ್ಯಾಲಬೈಟ್‌ಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರು ಗೊತ್ತಿಲ್ಲ ಅಂತಾರೆ. ಗೊತ್ತಿದ್ದವರೇ ಸುಮ್ಮನಿರುವುದು.

ಬಾಂಗಡೆಪ್ರಿಯ
ಪುಣ್ಯಕೋಟಿ ಈ ಆಟದಲ್ಲಿ ಯಾವ ಜಾತಿಗೆ ಬರುತ್ತಾಳೆ?

ದೀಪಸ್ತಂಭ
ಹುಲಿಯ ಕಡೆಯಿಂದ ನೋಡಿದರೆ ಸೆರಾಫ್. ಕರುವಿನ ಕಡೆಯಿಂದ ನೋಡಿದರೆ ಕೆಲಸ ಕೆಡಿಸಿದ ಕೆರೂಬ್. ಕೆರೂಬ್ ಅಂದರೆ ಒಬ್ಬರನ್ನು ನಂಟು ಹಾಕಿಕೊಂಡು ಕಾಯುವ ದೂತ. ಕಾಯಲು ಆಗದಿದ್ದರೆ ಡಿಸೊನೆನ್ಸ್.

ಬಾಂಗಡೆಪ್ರಿಯ
ಪಾಪ ಕರು.

ಹಲಸಿನಹಪ್ಪಳ
ಇದರ ನಡುವೆ ಇನ್ನೊಂದು ಸಂಶಯ. ನಮ್ಮ ಹತ್ತಿರ ಇರುವುದು ಲೂಡೋ ಡಬ್ಬಿಯಿಂದ ತೆಗೆದ ಮೂರು ಬಿಳಿ ದಾಳ. ಮೂರನೆಯದನ್ನು ಬೇರೆಯಾಗಿ ಓದಬೇಕು ಅಂತಾರೆ. ಯಾವುದು ಮೂರನೆಯದು ಅಂತ ಪ್ರತಿ ಸಲ ಜಗಳ. 666 ಬಿದ್ದರೆ ನರಕದ ಕೈವಾಡ. ಅದು 666 ಸಲಕ್ಕೆ ಒಮ್ಮೆ ಬೀಳುವುದಲ್ವಾ? ನಮಗೆ ಮೂರೇ ವಾರದಲ್ಲಿ ಎರಡು ಸಲ ಬಿತ್ತು. ದಾಳ ಕೆಟ್ಟಿದೆಯಾ?

ಮೂರುದಾಳ
ಅಯ್ಯೋ, 666ಕ್ಕೊಮ್ಮೆ ಅಲ್ಲ! 6×6×6 ಅಂದರೆ 216. 216ರಲ್ಲಿ ಒಂದು ಸಲ 666, ಇನ್ನೊಂದು ಸಲ 111. 111 ಅಂದರೆ ಸ್ವರ್ಗದ ಕೈವಾಡ, ದೂತರಿಗೆ ಒಳ್ಳೆಯದು, ಡೀಮನ್‌ಗಳಿಗೆ ಗ್ರಹಚಾರ. ಎರಡೂ ಸೇರಿದರೆ 108ಕ್ಕೆ ಒಂದು. ಒಂದು ರಾತ್ರಿಯಲ್ಲಿ 100 ಸಲ ದಾಳ ಉರುಳಿಸಿದರೆ ಎರಡರಲ್ಲಿ ಒಂದಾದರೂ ಬೀಳುವ ಸಾಧ್ಯತೆ ಸುಮಾರು 60%. ನಿಮ್ಮ ದಾಳ ಸರಿ ಇದೆ, ಲೆಕ್ಕ ಕೆಟ್ಟಿದೆ.

ಒಂದು ದಾಳದ ಚುಕ್ಕಿಗೆ ನೇಲ್ ಪಾಲಿಶ್ ಹಚ್ಚಿ. ಅದು ಚೆಕ್ ಡಿಜಿಟ್. ಉಳಿದ ಎರಡನ್ನು ಕೂಡಿಸಿ. ಮೊತ್ತ ನಿಮ್ಮ ಗುರಿಯಷ್ಟೇ ಇದ್ದರೆ ಅಥವಾ ಕಡಿಮೆ ಇದ್ದರೆ ಗೆದ್ದಿರಿ. ಎಷ್ಟು ಚೆನ್ನಾಗಿ ಗೆದ್ದಿರಿ ಅಂತ ಹೇಳುವುದು ಪಾಲಿಶ್ ಹಚ್ಚಿದ ದಾಳ.

ಎಸೆನ್ಸ್, ಅಂದರೆ ಪಾತ್ರದ ಕೈಯಲ್ಲಿರುವ ಶಕ್ತಿಯ ಅಂಕ, ಖರ್ಚು ಮಾಡುವುದರಲ್ಲೂ ಎಲ್ಲರೂ ಎಡವುತ್ತಾರೆ. ಒಂದು ಎಸೆನ್ಸ್‌ಗೆ ಗುರಿ ಒಂದು ಹೆಚ್ಚುತ್ತದೆ. ಗುರಿ 6 ಇದ್ದರೆ 36ರಲ್ಲಿ 15 ಸಲ ಗೆಲುವು. 7 ಮಾಡಿದರೆ 21 ಸಲ. ಆರು ಸಲ ಲಾಭ! ಅದೇ 10 ಇದ್ದದ್ದನ್ನು 11 ಮಾಡಿದರೆ 33ರಿಂದ 35, ಎರಡೇ ಸಲ. ನಡುವಿನಲ್ಲಿ ಇದ್ದಾಗ ಖರ್ಚು ಮಾಡಿ. ಮೇಲೆ ಇದ್ದಾಗ ಮಾಡುವುದು ಆಷಾಢದಲ್ಲಿ ತೋಟಕ್ಕೆ ನೀರು ಬಿಟ್ಟ ಹಾಗೆ.

ಬಾಂಗಡೆಪ್ರಿಯ
ಆಷಾಢ ಅಂದಾಗ ನೆನಪಾಯಿತು. ದೂತರಿಗೆ ದಿನಾ ಸೂರ್ಯೋದಯಕ್ಕೆ ಒಂದು ಎಸೆನ್ಸ್ ಬರುತ್ತದೆ. ಡೀಮನ್‌ಗಳಿಗೆ ಸೂರ್ಯಾಸ್ತಕ್ಕೆ. ಕುಮಟೆಯಲ್ಲಿ ನಾವು ಸೂರ್ಯನ ಮುಖ ನೋಡಿ ಹದಿನೈದು ದಿನ ಆಯ್ತು. ದೂತರೆಲ್ಲ ಉಪವಾಸವಾ?

ಮೂರುದಾಳ
ಪಂಚಾಂಗದ ಸೂರ್ಯೋದಯ ಸಾಕು. ಮೋಡ ಲೆಕ್ಕಕ್ಕಿಲ್ಲ.

ಕಾಳೀತೀರ
ನಮ್ಮ ಜಿಲ್ಲೆಯಲ್ಲಿ ‘ಟೆದರ್’ ಎಲ್ಲಿ ಇಡಬೇಕು ಅಂತ ಯೋಚಿಸಿದ್ದೀರಾ? ಮೇಲಿನ ಲೋಕ ಅಥವಾ ಕೆಳಗಿನ ಲೋಕ ಭೂಮಿಗೆ ತಾಗಿಕೊಂಡಿರುವ ಜಾಗ. ಕಾಯಲು ಒಬ್ಬ ಪಾರುಪತ್ಯಗಾರ ಇರುತ್ತಾನೆ. ನನ್ನ ವೋಟು ಯಾಣಕ್ಕೆ. ಭೈರವೇಶ್ವರ ಶಿಖರ, ಮೋಹಿನಿ ಶಿಖರ, ಕಪ್ಪು ಸುಣ್ಣಕಲ್ಲು, ಜೇನುಗೂಡು. ತಲೆಯ ಮೇಲೆ ಕೈಯಿಟ್ಟುಕೊಂಡು ಸುಟ್ಟುಹೋದ ಭಸ್ಮಾಸುರನ ಬೂದಿ ಇನ್ನೂ ಅಲ್ಲಿದೆ ಅಂತಾರೆ. ಬೆಂಕಿಯ ಟೆದರ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಕಾಯಲು ಜಟಗನನ್ನೋ ಚೌಡಿಯನ್ನೋ ನಿಲ್ಲಿಸಿದರೆ ಆಯ್ತು.

ಘಟ್ಟದಮೇಲೆ
ಇದೊಂದು ಬೇಡ. ಯಾಣದ ಕಲ್ಲನ್ನು ಏನಾದರೂ ಮಾಡಿಕೊಳ್ಳಿ. ಜಟಗ, ಚೌಡಿಗೆ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತೇವೆ. ತೋಟ ಕಾಯುವ ದೈವಕ್ಕೆ ದಾಳ ಹಾಕಿ ಅಂಕ ಕೊಡುತ್ತೀರಾ? ನಾಳೆ ಅದು ಸೋತರೆ?

ಕಾಳೀತೀರ
ಸುಮ್ನೆ ಆಟ ಮಾರಾಯ್ರೆ.

ಘಟ್ಟದಮೇಲೆ
ನಿಮಗೆ ಆಟ. ನಮ್ಮ ಅಜ್ಜಿ ಸಂಜೆ ಮೇಲೆ ಆ ಹೆಸರನ್ನೂ ಎತ್ತುವುದಿಲ್ಲ.

ದೀಪಸ್ತಂಭ
ಇವರ ಮಾತು ನನಗೆ ಅರ್ಥವಾಗುತ್ತದೆ. ನಾನು ಹೊನ್ನಾವರದ ಕ್ರಿಶ್ಚಿಯನ್. ಈ ಆಟದಲ್ಲಿ ಮೈಕಲ್ ಯುದ್ಧದ ಪ್ರಧಾನ ದೂತ, ಗೇಬ್ರಿಯಲ್ ಬೆಂಕಿಯ ದೂತ. ನಮ್ಮ ಮನೆಯಲ್ಲಿ ಸೆಪ್ಟೆಂಬರ್ 29 ಮೈಕಲ್ ಹಬ್ಬ. ಮೊದಲ ಸಲ ಅವನ ಹೆಸರನ್ನು ಈ ಪುಸ್ತಕದಲ್ಲಿ ಓದಿದಾಗ ನನಗೂ ಹೇಗೋ ಆಯಿತು. ಆಮೇಲೆ ಒಂದು ರೂಢಿ ಮಾಡಿಕೊಂಡೆ. ಪ್ರಧಾನ ದೂತರನ್ನು ವೇದಿಕೆ ಮೇಲೆ ತರುವುದಿಲ್ಲ. ಅವರ ಆಜ್ಞೆ ಬರುತ್ತದೆ, ಅವರು ಬರುವುದಿಲ್ಲ.

ಹಾಗೆ ನೋಡಿದರೆ ಆಟದವರು ಹೆಸರುಗಳನ್ನು ಅಲ್ಲಿಂದ ಇಲ್ಲಿಂದ ಆರಿಸಿದ್ದಾರೆ. ಸೆರಾಫಿಯರು ಬರುವುದು ಯೆಶಾಯನ ಆರನೇ ಅಧ್ಯಾಯದಲ್ಲಿ. ಆರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು, ಎರಡರಿಂದ ಹಾರಾಟ. ಆಟದಲ್ಲಿ ಆರು ರೆಕ್ಕೆಯ ಹಾವು ಮಾಡಿದ್ದಾರೆ. ಆಫನಿಮ್ ಅಂದರೆ ಯೆಹೆಜ್ಕೇಲ ಕಂಡ ಕಣ್ಣು ತುಂಬಿದ ಚಕ್ರಗಳು. ಮಲಕಿಮ್ ಅಂದರೆ ಹೀಬ್ರೂವಿನಲ್ಲಿ ಬರೀ ‘ದೂತರು’. ಎಲೋಹಿಮ್ ಅಂತೂ ದೇವರಿಗೇ ಹೇಳುವ ಶಬ್ದ! ಮರ್ಕ್ಯೂರಿಯನ್ ರೋಮ್‌ನವರ ಬುಧನಿಂದ ಬಂದದ್ದು.

ಮಲ್ಲಿಗೆಮೊಗ್ಗು
ಭಟ್ಕಳದಿಂದ ಒಂದು ಮಾತು ಸೇರಿಸುತ್ತೇನೆ. ಆಟದಲ್ಲಿ ಕೆರೂಬ್ ಬಿದ್ದರೆ ‘ಜಿನ್’ ಆಗುತ್ತಾನೆ ಅಂತ ಇದೆ. ನಮ್ಮಲ್ಲಿ ಜಿನ್ ಅಂದರೆ ಬಿದ್ದ ದೂತನಲ್ಲ. ಹೊಗೆ ಇಲ್ಲದ ಬೆಂಕಿಯಿಂದ ಹುಟ್ಟಿದ ಬೇರೆಯೇ ಕುಲ. ಅವರಲ್ಲಿ ಒಳ್ಳೆಯವರೂ ಇದ್ದಾರೆ, ಕೆಟ್ಟವರೂ ಇದ್ದಾರೆ, ನಮಾಜು ಮಾಡುವವರೂ ಇದ್ದಾರೆ. ಇಬ್ಲೀಸ್ ಜಿನ್‌ಗಳ ಪೈಕಿಯವನು ಅಂತ ಕುರಾನಿನ ಅಲ್-ಕಹಫ್ ಅಧ್ಯಾಯದಲ್ಲೇ ಬರುತ್ತದೆ. ದೂತರು ಆಜ್ಞೆ ಮೀರುವುದೇ ಇಲ್ಲ, ಹಾಗಾಗಿ ಅವರು ಬೀಳುವ ಮಾತೇ ಇಲ್ಲ.

ಆಟ ಚೆನ್ನಾಗಿದೆ, ನಾನೂ ಆಡುತ್ತೇನೆ. ಹೆಸರು ಮಾತ್ರ ತಪ್ಪು ಮನೆಗೆ ಬಂದು ಕೂತಿದೆ.

ಹಲಸಿನಹಪ್ಪಳ
ಡೀಮನ್‌ಗೆ ಕನ್ನಡದಲ್ಲಿ ಏನು ಹೇಳುವುದು ಅಂತಲೂ ನಮ್ಮಲ್ಲಿ ಜಗಳ. ದೆವ್ವ ಅಂದರೆ ಹುಣಸೆ ಮರದ್ದು ನೆನಪಾಗುತ್ತದೆ. ರಾಕ್ಷಸ ಅಂದರೆ ಬಣ್ಣದ ವೇಷ, ಅಬ್ಬರ, ಒಡ್ಡೋಲಗ. ಟೈ ಕಟ್ಟಿಕೊಂಡು ಆಫೀಸಿನಲ್ಲಿ ಕೂತು ಜನರ ತಲೆ ಕೆಡಿಸುವ ಇಂಪ್ಯುಡೈಟ್‌ಗೆ ಯಾವುದೂ ಹೊಂದುವುದಿಲ್ಲ.

ಅಪ್ಪೆಮಿಡಿ
ಅಸುರ ಅಂತಲೂ ಹೇಳಬೇಡಿ. ಪ್ರಹ್ಲಾದನೂ ಆ ಕುಲದವನೇ, ಬಲಿಯೂ ಅದೇ ಕುಲ. ಹುಟ್ಟಿನಿಂದ ಪಕ್ಷ ತೀರ್ಮಾನ ಆಗುವುದಿಲ್ಲ.

ಬಿದ್ದ ದೂತರು ಬೇಕಾದರೆ ಜಯ ವಿಜಯರನ್ನು ನೋಡಿ. ವೈಕುಂಠದ ಬಾಗಿಲು ಕಾಯುವವರು. ಸನಕಾದಿಗಳನ್ನು ತಡೆದರು, ಶಾಪ ಬಿತ್ತು. ಏಳು ಜನ್ಮ ಭಕ್ತರಾಗಿಯೋ ಮೂರು ಜನ್ಮ ವೈರಿಗಳಾಗಿಯೋ ಅಂತ ಕೇಳಿದಾಗ ಬೇಗ ಮುಗಿಯಲಿ ಅಂತ ಮೂರನ್ನು ಆರಿಸಿಕೊಂಡರು. ಹಿರಣ್ಯಾಕ್ಷ ಹಿರಣ್ಯಕಶಿಪು, ರಾವಣ ಕುಂಭಕರ್ಣ, ಶಿಶುಪಾಲ ದಂತವಕ್ತ್ರ. ಆಮೇಲೆ ವಾಪಸ್ ಅದೇ ಬಾಗಿಲಿಗೆ. ನಮ್ಮ ಶಾಪಕ್ಕೆ ಮುಗಿಯುವ ದಿನ ಬರೆದಿರುತ್ತದೆ. ಮಗನ ಪುಸ್ತಕದಲ್ಲಿ ಬಿದ್ದವನಿಗೆ ಅಂಥ ದಿನಾಂಕ ಕಾಣಲಿಲ್ಲ. ಅದೇ ನನಗೆ ಹಿಡಿಸದ ಸಂಗತಿ.

ಮೂರುದಾಳ
ದಿನಾಂಕ ಇಲ್ಲ, ದಾರಿ ಇದೆ. ಡೀಮನ್ ತಾನಾಗಿ ತಿರುಗಿ ಬಂದು ಮತ್ತೆ ದೂತ ಆಗಬಹುದು. ಬಹಳ ಕಷ್ಟ, ಆದರೆ ಆಗುತ್ತದೆ. ಸೆರಾಫ್ ಬಿದ್ದರೆ ಬಾಲ್ಸೆರಾಫ್, ಅವನು ತನ್ನ ಸುಳ್ಳನ್ನು ತಾನೇ ನಂಬುವವನು. ಎಲೋಹೈಟ್ ಬಿದ್ದರೆ ಹಬ್ಬಲೈಟ್. ಅವನಿಗಂತೂ ತಾನು ಇನ್ನೂ ದೂತನೇ ಅಂತ ಭ್ರಮೆ. ಮಲಕೈಟ್ ಅನ್ನುವ ಜಾತಿಯ ದೂತ ಮಾತ್ರ ಬೀಳುವುದೇ ಇಲ್ಲ.

1989ರ ಮೂಲ ಫ್ರೆಂಚ್ ಆಟದಲ್ಲಿ ವ್ಯಂಗ್ಯ ಜಾಸ್ತಿ. ಅಮೆರಿಕದವರು ಅದನ್ನೇ ಗಂಭೀರ ಮಾಡಿದರು.

ಘಟ್ಟದಮೇಲೆ
ತಿರುಗಿ ಬರುವ ಕಥೆ ಬೇಕಾದರೆ ಸೋದೆಗೆ ಹೋಗಿ. ಬ್ರಹ್ಮರಾಕ್ಷಸನಾಗಿ ದಾರಿ ತಡೆದು ಪ್ರಶ್ನೆ ಕೇಳುತ್ತಿದ್ದವ ವಾದಿರಾಜರ ಉತ್ತರಕ್ಕೆ ಸೋತು ಅವರ ಸೇವೆಗೆ ನಿಂತ. ಇವತ್ತಿಗೂ ಅಲ್ಲಿ ಭೂತರಾಜರು ಅಂತ ಪೂಜೆ ಇದೆ. ಆಟಕ್ಕೆ ತನ್ನಿ ಅಂತ ಹೇಳುತ್ತಿಲ್ಲ! ಗೊತ್ತಿರಲಿ ಅಂತ ಹೇಳಿದೆ.

ಕಾಳೀತೀರ
ಸರಿ ಮಾರಾಯ್ರೆ, ಜಟಗನನ್ನು ವಾಪಸ್ ತೆಗೆದುಕೊಂಡೆ. ಯಾಣದ ಪಾರುಪತ್ಯಕ್ಕೆ ಟಿಕೆಟ್ ಹರಿಯುವ ಮುದುಕನೊಬ್ಬನನ್ನು ನಿಲ್ಲಿಸುತ್ತೇನೆ. ಸರಿಯಾ?

ಘಟ್ಟದಮೇಲೆ
ಅಡ್ಡಿಲ್ಲೆ.

ಬಾಂಗಡೆಪ್ರಿಯ
ನಮ್ಮ ಗುಂಪಿನಲ್ಲಿ ಒಬ್ಬ ಕೈರಿಯೊಟೇಟ್ ಆಡುತ್ತಾನೆ. ಹೋದ ತಿಂಗಳು ಮಂಗನ ಮೈ ಹೊಕ್ಕು ಗೂಢಚಾರಿಕೆ ಮಾಡಲು ಹೋದ. ತೋಟದವರು ಪಟಾಕಿ ಹೊಡೆದರು. ಮಂಗನ ಕಾಲು ಮುರಿಯಿತು. ಡಿಸೊನೆನ್ಸ್. ಈಗ ಅವನು ಬೇರೆ ಎಲ್ಲ ಕೆಲಸ ಬಿಟ್ಟು ಮಂಗನಿಗೆ ಡಾಕ್ಟರ್ ಹುಡುಕುತ್ತಿದ್ದಾನೆ. ಲೋಕ ಉಳಿಸುವುದು ಅಲ್ಲೇ ನಿಂತಿದೆ.

ಆರುರೆಕ್ಕೆ
ನಾನೇ ಆ ಸೆರಾಫ್. ಅಣ್ಣ ಅಡುಗೆಮನೆ ಬಾಗಿಲಿಗೆ ಏನನ್ನೋ ಅಂಟಿಸಿದ್ದು ನೋಡಿ ಇಲ್ಲಿಗೆ ಬಂದೆ.

ಮೊದಲು ಒಂದು ವಿಷಯ. ನಾನು ಹೇಳಿದ್ದು ಸುಳ್ಳಲ್ಲ ಅಂತ ನಾನು ಒಮ್ಮೆಯೂ ವಾದಿಸಿಲ್ಲ. ಅವನಿಗೆ ಮೋಸ ಮಾಡಬೇಕು ಅಂತಲೇ ಎರಡು ಹೆಜ್ಜೆ ಸರಿದದ್ದು. ಅಪ್ಪೆಮಿಡಿ ಮಾವ ಹೇಳಿದ ಧರ್ಮರಾಯನ ಲೆಕ್ಕ ಸರಿಯಾಗಿದೆ.

ನನ್ನ ಸಿಟ್ಟು ಬೇರೆ. ಸೆರಾಫ್‌ಗೆ ಸತ್ಯ ಅಂದರೆ ನಮಗೆ ಉಪ್ಪು ಖಾರ ಗೊತ್ತಾದ ಹಾಗೆ. ಬೇರೆಯವರ ಮಾತಿನಲ್ಲಿ ಸುಳ್ಳನ್ನು ಹಿಡಿಯುವ ಜೀವಕ್ಕೆ ತನ್ನ ಬಾಯಿಂದ ಬರುವ ಮಾತು ಅಪಸ್ವರ ಆಗುತ್ತದೋ ಇಲ್ಲವೋ ಗೊತ್ತಾಗುವುದಿಲ್ಲವಾ? ಆ ಪಾತ್ರಕ್ಕೆ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. ನಾನು ಪದವಿ ಕೊನೆಯ ವರ್ಷದ ಹುಡುಗಿ, ಆರು ರೆಕ್ಕೆಯ ಹಾವಲ್ಲ. ಹಾಗಾದರೆ ನಾನು ಬಾಯಿ ತೆಗೆಯುವ ಮೊದಲೇ ಅಣ್ಣ “ಇದನ್ನು ಹೇಳಿದರೆ ಡಿಸೊನೆನ್ಸ್ ಬರುತ್ತದೆ, ಹೇಳುತ್ತೀಯಾ?” ಅಂತ ಕೇಳಬೇಕಿತ್ತು. ಚಪ್ಪಾಳೆ ಮುಗಿಯುವವರೆಗೆ ಕಾದು ಆಮೇಲೆ ಬಿಲ್ ಕೊಟ್ಟ.

ಕೇಳಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತೀರಿ. ಅದನ್ನೇ ಹೇಳುತ್ತಿದ್ದೆ. ಹುಡುಗ ಬದುಕಬೇಕಿತ್ತು. ಆದರೆ ಗೊತ್ತಿದ್ದು ಹೇಳುತ್ತಿದ್ದೆ. ಧರ್ಮರಾಯನಿಗೂ ಗೊತ್ತಿತ್ತಲ್ಲ. ಅದಕ್ಕೇ ಆನೆ ಅನ್ನುವಾಗ ದನಿ ಇಳಿಸಿದ್ದು.

ಮೂರುದಾಳ
ನಾನು ಇಷ್ಟು ಹೊತ್ತು ತಪ್ಪು ವಾದ ಮಾಡುತ್ತಿದ್ದೆ ಅನಿಸುತ್ತಿದೆ.

ಅಪ್ಪೆಮಿಡಿ
ಕೂಸೇ, ನೀನು ತಾಳಮದ್ದಳೆಗೆ ಬಾ. ಅಲ್ಲೂ ವೇಷ ಇಲ್ಲ, ಕೂತು ಬಾಯಲ್ಲೇ ಪಾತ್ರ ಕಟ್ಟಬೇಕು. ದಾಳ ಒಂದಿಲ್ಲ ಅಷ್ಟೆ. ಧರ್ಮರಾಯನ ಅರ್ಥ ಹೇಳುವವರು ನಮ್ಮಲ್ಲಿ ಕಡಿಮೆ ಆಗಿದ್ದಾರೆ.

ದೀಪಸ್ತಂಭ
ನಮ್ಮ ಗುಂಪಿನಲ್ಲೂ ಇನ್ನು ಮೊದಲೇ ಎಚ್ಚರಿಸುತ್ತೇನೆ. ಕೆರೂಬ್‌ಗೂ ಇದೇ ಮಾತು. ತಾನು ಕಾಯುವವರ ವಿಷಯ ಅದಕ್ಕೆ ಜಿಎಂಗಿಂತ ಮೊದಲು ಗೊತ್ತಾಗಬೇಕು.

ಹಲಸಿನಹಪ್ಪಳ
ಸೋತೆ. ಡಿಸೊನೆನ್ಸ್ ಅಳಿಸಬೇಕಾ ತಂಗೀ?

ಆರುರೆಕ್ಕೆ
ಬೇಡ, ಇರಲಿ. ಪೆನ್ನಿನಲ್ಲಿ ಬರೆದುಕೊಂಡಿದ್ದೇನೆ. ಈ ಶನಿವಾರ ಕ್ಯಾಲಬೈಟ್ ಮತ್ತೆ ಸಿಗುತ್ತಾನಲ್ಲ, ಆಗ ನೋಡಿಕೊಳ್ಳುತ್ತೇನೆ.

ಬಾಂಗಡೆಪ್ರಿಯ
ಕಷಾಯದ ಕಥೆ ಏನಾಯ್ತು?

ಆರುರೆಕ್ಕೆ
ದಾಳಕ್ಕೆ ಹಚ್ಚಲು ನೇಲ್ ಪಾಲಿಶ್ ತಂದುಕೊಟ್ಟರೆ ಯೋಚಿಸಬಹುದು. ಕೆಂಪೇ ಬೇಕು. ಹೋದ ಸಲ ಗುಲಾಬಿ ತಂದಿದ್ದ.

ಹಲಸಿನಹಪ್ಪಳ
ಕರೆಂಟ್ ಹೋಯ್ತು. ಫೋನ್ 6% ಇದೆ. ನಾಳೆ ಪೇಟೆಗೆ ಹೋಗುತ್ತೇನೆ.